ಅಂಗೈಯಲ್ಲಿ ಗಾನಭಂಡಾರ

ಬೆಂಗಳೂರಿನ ಪಶ್ಚಿಮ ಭಾಗದ ಬಸವೇಶ್ವರನಗರದಲ್ಲಿ, ಹಾವನೂರು ವೃತ್ತದಿಂದ ಅನತಿದೂರದಲ್ಲಿ ಒಂದು ಮನೆಯಿದೆ ಎಂದು ಕಲ್ಪಿಸಿಕೊಳ್ಳಿ. ಆ ಮನೆಯ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆ. ಅದರ ತುಂಬ ಹಳೆಯ ಧ್ವನಿಸುರುಳಿಗಳು. ಒಂದು ಭಾನುವಾರ ಮಧ್ಯಾಹ್ನ ಅಜ್ಜಿಯು ತನ್ನ ಪ್ರೀತಿಯ ‘ನಿತ್ಯೋತ್ಸವ’ದ ಸುರುಳಿಯನ್ನು ಟೇಪ್ ರೆಕಾರ್ಡರಿಗೆ ಹಾಕಿದಳು. ಅರ್ಧ ಹಾಡು ಮುಗಿಯುವಷ್ಟರಲ್ಲಿ ಕಂಠ ಗೊಗ್ಗರಾಯಿತು. ಕಂದು ಬಣ್ಣದ ಪಟ್ಟಿಯು ಯಂತ್ರದೊಳಗೆ ಸಿಕ್ಕಿ ನುಗ್ಗುನುರಿಯಾಯಿತು. ಮೊಮ್ಮಗಳು ಸೀಸದಕಡ್ಡಿಯನ್ನು ತೂರಿಸಿ ತಿರುಗಿಸಿದರೂ ಅದು ಸರಿಹೋಗಲಿಲ್ಲ.

“ಬಿಡು ಪುಟ್ಟಿ, ಅದರ ಆಯಸ್ಸು ಮುಗಿಯಿತು” ಎಂದಳು ಅಜ್ಜಿ.

“ಯೋಚನೆ ಮಾಡಬೇಡಿ ಅಜ್ಜಿ, ಫೋನಿನಲ್ಲಿ ಹುಡುಕಿಕೊಡುತ್ತೇನೆ” ಎಂದಳು ಮೊಮ್ಮಗಳು.

ಅಂಗೈಯಗಲದ ಯಂತ್ರದೊಳಗೆ ಹಾಡುಗಳ ಭಂಡಾರವೊಂದು ಹೇಗೆ ಬಂದು ಸೇರಿತು? ಅದರಲ್ಲಿ ಬೇಕಾದುದನ್ನು ಹುಡುಕುವ ಬಗೆ ಯಾವುದು? ಹುಡುಕಿ ಇಳಿಸಿಕೊಂಡ ಮೇಲೆ ಅದು ನಿಜವಾಗಿಯೂ ನಮ್ಮದಾಗುತ್ತದೆಯೇ? ಈ ಪ್ರಶ್ನೆಗಳಿಗೆ ಉತ್ತರವನ್ನು ಅರಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬಾಯಿಂದ ಹೊರಟ ನಾದವು ಗಾಳಿಯಲ್ಲಿ ಕರಗಿಹೋಗುವುದೇ ಪ್ರಕೃತಿಯ ನಿಯಮವೆಂದು ಮಾನವನು ಸಹಸ್ರಾರು ವರ್ಷ ನಂಬಿದ್ದನು. 1877ರಲ್ಲಿ ಅಮೆರಿಕದ ಥಾಮಸ್ ಆಲ್ವ ಎಡಿಸನ್ನನು ಫೋನೋಗ್ರಾಫನ್ನು ನಿರ್ಮಿಸಿ ಆ ನಂಬಿಕೆಯನ್ನು ಅಳಿಸಿದನು. ಹತ್ತು ವರ್ಷಗಳ ತರುವಾಯ, 1887ರಲ್ಲಿ, ಎಮಿಲ್ ಬರ್ಲೀನರನು ಚಪ್ಪಟೆ ತಟ್ಟೆಯನ್ನು ಬಳಸುವ ಗ್ರಾಮಫೋನನ್ನು ರೂಪಿಸಿದನು. 1902ರ ನವೆಂಬರಿನಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬಾತನು ಕಲ್ಕತ್ತೆಗೆ ಬಂದು ಭಾರತೀಯ ಗಾಯಕರ ಕಂಠವನ್ನು ಮುದ್ರಿಸಿಕೊಂಡನು. ಅವರಲ್ಲಿ ಪ್ರಖ್ಯಾತಳಾದವಳು ಗೌಹರ್ ಜಾನ್. ಆಕೆಯು ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದಳು. ಅದು ಹೆಮ್ಮೆಯ ಮಾತಾಗಿರಲಿಲ್ಲ. ಮುದ್ರಿಸಿದ ಮೂಲತಟ್ಟೆಗಳು ಅಚ್ಚಾಗಲು ಜರ್ಮನಿಯ ಹ್ಯಾನೋವರ್ ನಗರಕ್ಕೆ ಹೋಗಬೇಕಾಗಿತ್ತು. ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆ ಯಾರದೆಂದು ತಿಳಿಯಲು ಅದು ನೆರವಾಗುತ್ತಿತ್ತು. ಆ ಗಾಯಕಿಯು 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ಕಣ್ಮುಚ್ಚಿದಳು. ಹಾಡಿನ ಜೊತೆಗೆ ಹಾಡಿದವರ ಹೆಸರೂ ಪಯಣ ಮಾಡಬೇಕೆಂಬ ಆ ಮೊದಲ ಪಾಠವನ್ನು ನೆನಪಿನಲ್ಲಿಡುವುದು ಒಳ್ಳೆಯದು. ಮುಂದೆ ಅದು ಪ್ರಯೋಜನಕ್ಕೆ ಬರುತ್ತದೆ.

ಆ ಕಾಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು ಮೂರು ನಿಮಿಷದ ಹಾಡು ಮಾತ್ರ ಹಿಡಿಸುತ್ತಿತ್ತು. ದೀರ್ಘವಾದ ಸಂಗೀತವನ್ನು ಹಲವು ತಟ್ಟೆಗಳಲ್ಲಿ ಹಂಚಿ, ಅವುಗಳನ್ನು ಭಾವಚಿತ್ರಗಳ ಆಲ್ಬಮ್ಮಿನಂತೆ ಪುಸ್ತಕರೂಪದ ರಟ್ಟಿನ ಹೊದಿಕೆಯಲ್ಲಿ ಕಟ್ಟಿಡುತ್ತಿದ್ದರು. ಇಂದು ಹಾಡುಗಳ ಗುಚ್ಛಕ್ಕೆ ‘ಆಲ್ಬಂ’ ಎಂಬ ಹೆಸರು ಬಂದದ್ದು ಹೀಗೆ. 1948ರಲ್ಲಿ ದೀರ್ಘ ಧ್ವನಿಮುದ್ರಿಕೆಯೂ, 1963ರಲ್ಲಿ ಫಿಲಿಪ್ಸ್ ಸಂಸ್ಥೆಯ ಕ್ಯಾಸೆಟ್ಟೂ ಬಂದವು. ಅಗ್ಗದ ಬೆಲೆಯ ಕ್ಯಾಸೆಟ್ಟು ಕನ್ನಡದ ಭಾವಗೀತೆಗಳಿಗೆ ಮನೆಮನೆಯ ಬಾಗಿಲನ್ನು ತೆರೆಯಿತು. ಭೂವಿಜ್ಞಾನದ ಅಧ್ಯಾಪಕರಾಗಿದ್ದ ಕವಿ ಕೆ. ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ವು 1978ರಲ್ಲಿ ಹೊರಬಂದಿತು. ಕನ್ನಡದ ಮೊಟ್ಟಮೊದಲ ಸುಗಮ ಸಂಗೀತದ ಧ್ವನಿಸುರುಳಿಯೆಂಬ ಕೀರ್ತಿ ಅದಕ್ಕಿದೆ. ಪುಸ್ತಕವನ್ನು ಕೈಯಲ್ಲಿ ಹಿಡಿಯದವರ ನಾಲಿಗೆಯ ಮೇಲೂ ಕವಿತೆ ನಲಿದಾಡಿತು.

1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕು, ಅಂದರೆ ಸಿ.ಡಿ., ಒಂದು ದೊಡ್ಡ ಬದಲಾವಣೆಯನ್ನು ತಂದಿತು. ತಟ್ಟೆಯ ಗೆರೆಯೂ ಸುರುಳಿಯ ಕಾಂತತ್ವವೂ ನಾದದ ಅಲೆಯನ್ನು ಅಲೆಯಾಗಿಯೇ ಹಿಡಿದಿಟ್ಟರೆ, ಸಿ.ಡಿ.ಯು ಅದನ್ನು ಅಂಕಿಗಳಾಗಿ ಮಾರ್ಪಡಿಸಿತು. ಜ್ವರ ಬಂದ ರೋಗಿಯ ಮೈಶಾಖವನ್ನು ಗಂಟೆಗೊಮ್ಮೆ ಅಳೆದು ಬರೆದುಕೊಂಡು, ಆ ಅಂಕಿಗಳಿಂದ ಜ್ವರದ ಏರಿಳಿತದ ಗೆರೆಯನ್ನು ಎಳೆಯುವುದುಂಟು. ಅದರಂತೆಯೇ ನಾದದ ಅಲೆಯ ಎತ್ತರವನ್ನು ಸೆಕೆಂಡಿಗೆ 44,100 ಬಾರಿ ಅಳೆದು ಬರೆದಿಟ್ಟರೆ, ಆ ಅಂಕಿಗಳಿಂದಲೇ ಮತ್ತೆ ನಾದವನ್ನು ಎಬ್ಬಿಸಬಹುದು. ಎಡಗಿವಿಗೊಂದು, ಬಲಗಿವಿಗೊಂದು ಲೆಕ್ಕ ಬೇಕು. ಪ್ರತಿಯೊಂದು ಅಳತೆಗೂ ಎರಡು ಬೈಟಿನಷ್ಟು ಸ್ಥಳ ಬೇಕು. ಹೀಗೆ ಐದು ನಿಮಿಷದ ಹಾಡೊಂದಕ್ಕೆ ಸುಮಾರು 5 ಕೋಟಿ 29 ಲಕ್ಷ ಬೈಟುಗಳಾಗುತ್ತವೆ.

ಇಷ್ಟು ದೊಡ್ಡ ಗಂಟನ್ನು ದೂರವಾಣಿಯ ತಂತಿಯ ಮೂಲಕ ಸಾಗಿಸುವುದು ಆಗ ಸುಲಭವಾಗಿರಲಿಲ್ಲ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ವಿಜ್ಞಾನಿಗಳು ಇತರರೊಡಗೂಡಿ ರೂಪಿಸಿದ, 1995ರಲ್ಲಿ ‘ಎಂಪಿ-3’ ಎಂಬ ಹೆಸರನ್ನು ಪಡೆದ ವಿಧಾನವು ಇದಕ್ಕೆ ಪರಿಹಾರವಾಯಿತು. ಜಾತ್ರೆಯಲ್ಲಿ ಡೊಳ್ಳು ಮೊಳಗುತ್ತಿರುವಾಗ ಪಕ್ಕದಲ್ಲಿ ನಿಂತವರ ಕೈಬಳೆಯ ಸದ್ದು ಯಾರಿಗೆ ಕೇಳಿಸೀತು? ಹೀಗೆ ದೊಡ್ಡ ಸದ್ದಿನ ಮರೆಯಲ್ಲಿ ಅಡಗಿ ಕಿವಿಗೆ ನಿಲುಕದ ಅಂಶಗಳನ್ನು ಈ ವಿಧಾನವು ಕೈಬಿಡುತ್ತದೆ. ಆಗ ಅದೇ ಹಾಡು ಸುಮಾರು 48 ಲಕ್ಷ ಬೈಟುಗಳಿಗೆ, ಎಂದರೆ ಹನ್ನೊಂದರಲ್ಲಿ ಒಂದು ಪಾಲಿಗೆ, ಇಳಿಯುತ್ತದೆ. ಇಂದಿನ ಸೇವೆಗಳು ಬಳಸುವ ಬೇರೆ ಬೇರೆ ವಿಧಾನಗಳಲ್ಲಿಯೂ ಈ ತತ್ತ್ವವು ಸಾಮಾನ್ಯವಾಗಿದೆ.

ಹಾಡು ಹಗುರವಾದೊಡನೆ ಸಂಗೀತದ ವ್ಯಾಪಾರದ ರೀತಿಯೇ ಬದಲಾಯಿತು. ತಟ್ಟೆ, ಸುರುಳಿಗಳನ್ನು ಕೊಳ್ಳುವ ಬದಲು, ತಿಂಗಳಿಗೋ ವರ್ಷಕ್ಕೋ ಚಂದಾ ತೆತ್ತು ಭಂಡಾರವನ್ನೆಲ್ಲ ಕೇಳುವ ಪದ್ಧತಿ ಬಂದಿತು. ಭಾರತೀಯ ಸಂಗೀತವನ್ನು ಕುರಿತ ‘ಸಾವನ್’ 2007ರಲ್ಲಿ, ‘ಗಾನಾ’ 2010ರಲ್ಲಿ ಆರಂಭವಾದವು. ಸಾವನ್ ಮುಂದೆ ‘ಜಿಯೋಸಾವನ್’ ಆಯಿತು. ‘ಆ್ಯಪಲ್ ಮ್ಯೂಸಿಕ್’ 2015ರಲ್ಲಿಯೂ, ಸ್ವೀಡನ್ನಿನ ‘ಸ್ಪಾಟಿಫೈ’ 2019ರಲ್ಲಿಯೂ ಭಾರತಕ್ಕೆ ಕಾಲಿಟ್ಟವು.

ಈ ಭಂಡಾರದಲ್ಲಿ ಬೇಕಾದುದನ್ನು ಕಂಡುಕೊಳ್ಳಲು ಎರಡು ದಾರಿಗಳುಂಟು. ಮೊದಲನೆಯದು ಹೆಸರಿನಿಂದ ಹುಡುಕುವುದು. ಪ್ರತಿಯೊಂದು ಹಾಡಿನ ಜೊತೆಗೂ ಹೆಸರು, ಗಾಯಕ, ಆಲ್ಬಂ, ವರ್ಷ ಮುಂತಾದ ವಿವರಗಳ ಚೀಟಿಯೊಂದು ಅಂಟಿಕೊಂಡಿರುತ್ತದೆ. ಯಂತ್ರವು ಹುಡುಕುವುದು ಮುಖ್ಯವಾಗಿ ಈ ಚೀಟಿಯನ್ನೇ. ಬಸವೇಶ್ವರನಗರದ ಮೊಮ್ಮಗಳು ‘ನಿತ್ಯೋತ್ಸವ’ ಎಂದು ಕನ್ನಡ ಲಿಪಿಯಲ್ಲಿ ಬರೆದಾಗ ಬೇಕಾದದ್ದು ಸಿಗಲಿಲ್ಲ. ಏಕೆಂದರೆ ಚೀಟಿಯನ್ನು ಬರೆದವರು ಇಂಗ್ಲಿಷ್ ಲಿಪಿಯನ್ನು ಬಳಸಿದ್ದರು. ಅಲ್ಲಿಯೂ ತೊಡಕು ತಪ್ಪದು: ‘ತ’ಕಾರಕ್ಕೆ ಒಬ್ಬರು ‘ಟಿ’ ಎಂಬ ಒಂದೇ ಅಕ್ಷರವನ್ನೂ, ಇನ್ನೊಬ್ಬರು ‘ಟಿ’, ‘ಎಚ್’ ಎಂಬ ಎರಡು ಅಕ್ಷರಗಳನ್ನೂ ಬಳಸುತ್ತಾರೆ. ಹೆಸರು ಒಂದೇ ಆದರೂ ವಸ್ತು ಬೇರೆಯಾಗಿರುವುದೂ ಉಂಟು. ‘ಮೈಸೂರು ಮಲ್ಲಿಗೆ’ ಎಂಬುದು 1942ರಲ್ಲಿ ಪ್ರಕಟವಾದ ಕೆ. ಎಸ್. ನರಸಿಂಹಸ್ವಾಮಿಯವರ ಕವನಸಂಕಲನದ ಹೆಸರು, ಟಿ. ಎಸ್. ನಾಗಾಭರಣ ನಿರ್ದೇಶಿಸಿದ ಚಲನಚಿತ್ರದ ಹೆಸರೂ ಅದೇ. ಆದುದರಿಂದ ಆಲ್ಬಮ್ಮಿನ ಹೆಸರೊಂದನ್ನೇ ನಂಬದೆ, ಕವಿ, ಸಂಯೋಜಕ, ಗಾಯಕ ಇವರ ಹೆಸರುಗಳನ್ನು ಒಂದೊಂದಾಗಿ ಕೊಟ್ಟು ಹುಡುಕುವುದು ಜಾಣತನ.

ಎರಡನೆಯ ದಾರಿ, ಯಂತ್ರವೇ ಮಾಡುವ ಶಿಫಾರಸು. ಹಿಂದೆ ಕ್ಯಾಸೆಟ್ ಅಂಗಡಿಯ ಯಜಮಾನನು ಗಿರಾಕಿಯ ಮುಖವನ್ನು ನೋಡಿಯೇ, “ಇದನ್ನು ಕೇಳಿ ಸ್ವಾಮಿ, ನಿಮಗೆ ಹಿಡಿಸುತ್ತದೆ” ಎಂದು ಒಂದು ಸುರುಳಿಯನ್ನು ಮುಂದಿಡುತ್ತಿದ್ದನು. ಯಂತ್ರಕ್ಕೆ ಮುಖದ ಪರಿಚಯವಿಲ್ಲ, ಲೆಕ್ಕದ ಪರಿಚಯವಿದೆ. ಒಂದು ಹಾಡನ್ನು ಮೆಚ್ಚಿದ ಸಾವಿರಾರು ಜನ ಬೇರೆ ಯಾವ ಹಾಡುಗಳನ್ನು ಕೇಳಿದರು ಎಂಬುದನ್ನು ಎಣಿಸಿ, ಆ ಹಾಡುಗಳನ್ನು ಹೊಸಬನಿಗೂ ಸೂಚಿಸುತ್ತದೆ. ಇದರಿಂದ ಅರಿಯದ ಒಳ್ಳೆಯ ಗಾಯಕರ ಪರಿಚಯವಾಗುವುದು ನಿಜ. ಆದರೆ ಹೆಚ್ಚು ಜನ ಕೇಳಿದ್ದೇ ಮತ್ತೆ ಮತ್ತೆ ಮುಂದೆ ಬಂದು, ಕೆಲವರೇ ಕೇಳಿದ್ದು ಹಿಂದೆ ಸರಿಯುವ ಅಪಾಯವೂ ಇದರಲ್ಲಿದೆ. ತುಳಿದ ದಾರಿಯೇ ಅಗಲವಾಗುತ್ತ ಹೋಗುತ್ತದೆ; ತುಳಿಯದ ದಾರಿಯಲ್ಲಿ ಹುಲ್ಲು ಬೆಳೆಯುತ್ತದೆ.

ಹುಡುಕಿದ ಆಲ್ಬಮ್ಮನ್ನು ‘ಡೌನ್‌ಲೋಡ್’ ಮಾಡಿ ಫೋನಿಗೆ ಇಳಿಸಿಕೊಂಡರೆ ಅಂತರಜಾಲವಿಲ್ಲದ ಕಡೆಯೂ ಕೇಳಬಹುದು. ಆದರೆ ಹೀಗೆ ಇಳಿದು ಬಂದ ಹಾಡಿಗೆ ಗುಪ್ತಲಿಪಿಯ ಬೀಗವಿರುತ್ತದೆ. ಆ ಬೀಗವನ್ನು ತೆರೆಯಬಲ್ಲ ಕೀಲಿ ಆಯಾ ಸೇವೆಯ ಆ್ಯಪಿನ ಬಳಿ ಮಾತ್ರ ಇರುತ್ತದೆ. ಚಂದಾ ಸಲ್ಲುತ್ತಿದೆಯೇ ಎಂಬುದನ್ನು ಆ್ಯಪು ಆಗಾಗ ವಿಚಾರಿಸಿಕೊಳ್ಳುತ್ತದೆ. ಸ್ಪಾಟಿಫೈಯಲ್ಲಿ 30 ದಿನಗಳಿಗೊಮ್ಮೆಯಾದರೂ ಅಂತರಜಾಲದ ಸಂಪರ್ಕವಾಗಲೇಬೇಕು. ಚಂದಾ ನಿಂತರೆ ಇಳಿಸಿಕೊಂಡ ಹಾಡೂ ಮೂಕವಾಗುತ್ತದೆ. ಸೇವೆಯೇ ನಿಂತುಹೋಗುವುದೂ ಉಂಟು. 2014ರಲ್ಲಿ ಆರಂಭವಾದ ಏರ್‌ಟೆಲ್‌ನ ‘ವಿಂಕ್ ಮ್ಯೂಸಿಕ್’ ಸೇವೆಯನ್ನು ಮುಚ್ಚುವ ನಿರ್ಧಾರವು 2024ರಲ್ಲಿ ಪ್ರಕಟವಾಯಿತು. ಇದು ವಂಚನೆಯಲ್ಲ, ವ್ಯವಹಾರದ ಕರಾರು. ಗ್ರಂಥಾಲಯದಿಂದ ಪುಸ್ತಕವನ್ನು ಮನೆಗೆ ತಂದವನು ಅದನ್ನು ಓದಬಹುದು. ತನ್ನದೆಂದು ಬೀರುವಿನಲ್ಲಿ ಇಟ್ಟುಕೊಳ್ಳಲಾಗದು. ಚಂದಾ ಸೇವೆಯಿಂದ ಇಳಿಸಿಕೊಂಡ ಆಲ್ಬಮ್ಮೂ ಅಂತಹದೇ.

ಹಾಗಾದರೆ ಆ ಚಂದಾ ಹಣ ಯಾರಿಗೆ ಸಲ್ಲುತ್ತದೆ? ಸೇವಾಸಂಸ್ಥೆಯು ತನ್ನ ಪಾಲನ್ನು ಉಳಿಸಿಕೊಂಡು ಮಿಕ್ಕಿದ್ದನ್ನು, ಹಾಡುಗಳನ್ನು ಎಷ್ಟು ಬಾರಿ ಕೇಳಲಾಯಿತು ಎಂಬ ಲೆಕ್ಕದ ಮೇಲೆ ಹಕ್ಕುದಾರರಿಗೆ ಹಂಚುತ್ತದೆ. ಒಂದು ಸಲ ಕೇಳಿದ್ದಕ್ಕೆ ಸಿಗುವುದು ಅತ್ಯಲ್ಪ. ಹನಿಗೂಡಿದರೆ ಹಳ್ಳವೆಂಬುದು ನಿಜವಾದರೂ, ಹನಿಯೇ ಬೀಳದ ಕಡೆ ಹಳ್ಳವೆಲ್ಲಿಯದು? ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 1000 ಬಾರಿ ಕೇಳದ ಹಾಡಿಗೆ ಸ್ಪಾಟಿಫೈಯು 2024ರಿಂದ ಪಾಲನ್ನೇ ಕೊಡುತ್ತಿಲ್ಲ. ಭಾರತದ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯು, ಧ್ವನಿಮುದ್ರಿತ ಹಾಡಿನ ಬಳಕೆಯಿಂದ ಬರುವ ಗೌರವಧನದಲ್ಲಿ ಸಾಹಿತ್ಯ ರಚಿಸಿದವರಿಗೂ ರಾಗ ಸಂಯೋಜಿಸಿದವರಿಗೂ ಸಮಪಾಲಿನ ಹಕ್ಕನ್ನು ನೀಡಿದೆ. ಆದರೆ ಚೀಟಿಯಲ್ಲಿ ಅವರ ಹೆಸರೇ ಇಲ್ಲದಿದ್ದರೆ ಆ ಪಾಲು ಯಾರ ಮನೆಯನ್ನು ಹುಡುಕಿಕೊಂಡು ಹೋಗಬೇಕು? ಹ್ಯಾನೋವರಿನ ಕೆಲಸಗಾರರಿಗಾಗಿ ಗೌಹರ್ ಜಾನ್ ಕೂಗಿ ಹೇಳಿದ ಹೆಸರಿನ ಬೆಲೆ ಇಲ್ಲಿ ಅರಿವಾಗುತ್ತದೆ.

ಇನ್ನೊಂದು ಮಾತು. ಅಂಗೈಯ ಭಂಡಾರದಲ್ಲಿ ಎಲ್ಲವೂ ಇದೆಯೆಂದು ಬಗೆಯುವುದು ತಪ್ಪು. ಯಾರಾದರೂ ಅಂಕಿಗಳಾಗಿ ಮಾರ್ಪಡಿಸಿ ಸೇರಿಸಿದ್ದು ಮಾತ್ರ ಅಲ್ಲಿರುತ್ತದೆ. ಸಣ್ಣ ಸಂಸ್ಥೆಗಳು ಹೊರತಂದು ಮರೆತ ಸುರುಳಿಗಳು, ಊರಹಬ್ಬದಲ್ಲಿ ಮುದ್ರಿಸಿಕೊಂಡ ತತ್ತ್ವಪದಗಳು, ಮನೆಯ ಹಿರಿಯರ ಸೋಬಾನೆ ಹಾಡುಗಳು ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲಿಯೇ ಉಳಿದಿರಬಹುದು. ಕಾಂತಪಟ್ಟಿಯು ಧೂಳಿಗೂ ತೇವಕ್ಕೂ ಬೂಷ್ಟಿಗೂ ಬೇಗನೆ ತುತ್ತಾಗುತ್ತದೆ. ಅದು ಕೆಡುವ ಮುನ್ನ ಟೇಪ್ ರೆಕಾರ್ಡರನ್ನು ಕಂಪ್ಯೂಟರಿಗೆ ತಂತಿಯಿಂದ ಜೋಡಿಸಿ, ಮನೆಯವರ ಸ್ವಂತ ಹಾಡುಗಳನ್ನು ಉಳಿಸಿಕೊಳ್ಳುವ ಕೆಲಸವು ಕಷ್ಟದ್ದೇನೂ ಅಲ್ಲ.

ಬಸವೇಶ್ವರನಗರದ ಆ ಮನೆಯಲ್ಲಿ ಸಂಜೆಯ ಹೊತ್ತಿಗೆ ಹಾಡು ಸಿಕ್ಕಿತು. ಅಜ್ಜಿಯು ಕಣ್ಣುಮುಚ್ಚಿ ಕೇಳಿದಳು. ಹಾಡು ಮುಗಿದ ಮೇಲೆ ಕನ್ನಡಕವನ್ನು ಏರಿಸಿಕೊಂಡು ಫೋನಿನ ಪರದೆಯನ್ನು ದಿಟ್ಟಿಸಿದಳು.

“ಹಾಡಿದವರ ಹೆಸರಿದೆ. ಬರೆದವರು ಎಲ್ಲಿ? ರಾಗ ಹಾಕಿದವರು ಎಲ್ಲಿ, ಪುಟ್ಟಿ?”

ಮೊಮ್ಮಗಳು ಪರದೆಯನ್ನು ಮೇಲಕ್ಕೂ ಕೆಳಕ್ಕೂ ಸರಿಸಿ ನೋಡಿದಳು, ಕಾಣಲಿಲ್ಲ. ಆಕೆ ಎದ್ದು ಹೋಗಿ, ಕಸದ ಬುಟ್ಟಿಯ ಪಕ್ಕದಲ್ಲಿದ್ದ ಕ್ಯಾಸೆಟ್ಟಿನ ಡಬ್ಬಿಯನ್ನು ತಂದು, ಅದರೊಳಗೆ ಮಡಿಸಿಟ್ಟಿದ್ದ ಮಾಸಲು ಕಾಗದವನ್ನು ಬಿಡಿಸಿದಳು. ಕವಿ, ಸಂಯೋಜಕ, ಗಾಯಕರು, ಎಲ್ಲರ ಹೆಸರೂ ಅಲ್ಲಿ ಅಚ್ಚಾಗಿದ್ದವು. ತನ್ನ ನೋಟ್‌ಪುಸ್ತಕದ ಹೊಸ ಹಾಳೆಯಲ್ಲಿ ಅವುಗಳನ್ನು ಒಂದೊಂದಾಗಿ ಬರೆದುಕೊಂಡಳು. ಪೆಟ್ಟಿಗೆಯಲ್ಲಿ ಇನ್ನೂ ಅನೇಕ ಸುರುಳಿಗಳಿದ್ದವು. ಎರಡನೆಯದನ್ನು ಅಜ್ಜಿಯೇ ಎತ್ತಿ, ಸೆರಗಿನಿಂದ ಧೂಳನ್ನು ಒರಸಿ, ಮೊಮ್ಮಗಳ ಕೈಗಿತ್ತಳು.