ಗೊರಗುಟ್ಟುವ ಮೋಟಾರು

ಅಡಿಕೆ ತೋಟಕ್ಕೆ ನೀರು ಬಿಡುವ ಬೇಸಿಗೆಯಲ್ಲೇ ಪಂಪಿನ ಮೋಟಾರು ಗೊರಗುಟ್ಟತೊಡಗಿದರೆ ಬೆಳೆಗಾರ ಬಂಧುಗಳು ‘ಇನ್ನೊಂದು ವಾರ ಓಡಲಿ’ ಎನ್ನುವುದುಂಟು. ಸವೆದ ಬೇರಿಂಗಿನಿಂದ ರೋಟರ್ ವಾಲಿ ಸ್ಟೇಟರಿಗೆ ಉಜ್ಜಿತೆಂದರೆ ವೈಂಡಿಂಗೇ ಸುಟ್ಟೀತು. ಆ ಖರ್ಚಿನ ಮುಂದೆ ಬೇರಿಂಗಿನ ಬೆಲೆ ಏನೂ ಅಲ್ಲ.

ಮೆಯಿನ್ ಸ್ವಿಚ್ ಆರಿಸಿ, ಫ್ಯೂಸ್ ಕಿತ್ತು, ಶಾಫ್ಟನ್ನು ಮೇಲೆ ಕೆಳಗೆ ಆಡಿಸಿ ನೋಡಿ. ಅಲುಗಾಟ ಕಂಡರೆ ಬದಲಿಸಲೇಬೇಕು. ಕವರ್ ಬಿಚ್ಚಿ ಹಳೆಯದನ್ನು ಪುಲ್ಲರಿನಿಂದ ಎಳೆಯಿರಿ. ಅದರ ಮೇಲಿನ ಸಂಖ್ಯೆ ಬರೆದುಕೊಂಡೇ ಅಂಗಡಿಗೆ ಹೋಗಿ. 6205 ಎಂದರೆ ಒಳವ್ಯಾಸ 25 ಮಿ.ಮೀ., ಹೊರವ್ಯಾಸ 52.

ಹೊಸದನ್ನು ಕೂರಿಸುವಾಗ ಒಳಬಳೆಗೆ ಮಾತ್ರ ತಾಗುವ ಕೊಳವೆ ಇಟ್ಟು ಮೆಲ್ಲಗೆ ಬಡಿಯಿರಿ. ಸುತ್ತಿಗೆ ಸಿಕ್ಕರೆ ನಮ್ಮವರ ಕೈ ಸುಮ್ಮನಿರದು! ಹೊರಬಳೆಗೆ ಪೆಟ್ಟು ಬಿದ್ದರೆ ಗುಂಡುಗಳು ಓಡುವ ದಾರಿ ಗುಳಿಬಿದ್ದು, ಹೊಸ ಬೇರಿಂಗೂ ಗೊರಗುಟ್ಟುತ್ತದೆ.