ಗರ್ಭಿಣಿಯ ಮಧುಮೇಹ ಮತ್ತು ಶಿಶುವಿನ ಯೋಗಕ್ಷೇಮ

ಮಧುಮೇಹವೆಂದೊಡನೆ ನಡುವಯಸ್ಸು ದಾಟಿದವರೇ ನಮ್ಮ ನೆನಪಿಗೆ ಬರುತ್ತಾರೆ. ಆದರೆ ಗರ್ಭಿಣಿಯರಲ್ಲಿಯೂ ಅದು ತಲೆದೋರುವುದುಂಟು. ಆಗ ಕಾಪಾಡಬೇಕಾದ ಜೀವಗಳು ಎರಡು. ನಾನು ವೈದ್ಯನಲ್ಲ, ಬ್ಯಾಂಕಿನ ಅಧಿಕಾರಿ. ಪ್ರತಿಯೊಂದು ಕುಟುಂಬವೂ ಅರಿತಿರಬೇಕಾದಷ್ಟನ್ನು ಮಾತ್ರ ಇಲ್ಲಿ ನಿವೇದಿಸುತ್ತೇನೆ.

ತಾಯಿಯ ರಕ್ತದಲ್ಲಿನ ಸಕ್ಕರೆಯು ಮಾಸುವಿನ ಮೂಲಕ ಶಿಶುವನ್ನು ಸೇರುತ್ತದೆ. ಆಕೆಯ ಇನ್ಸುಲಿನ್ ಸೇರುವುದಿಲ್ಲ. ಹೆಚ್ಚಿದ ಸಕ್ಕರೆಗೆ ಪ್ರತಿಯಾಗಿ ಶಿಶುವೇ ಅಧಿಕ ಇನ್ಸುಲಿನ್ ಸ್ರವಿಸಿ, ಕೊಬ್ಬು ತುಂಬಿಕೊಂಡು ಮಿತಿಮೀರಿ ಬೆಳೆಯಬಹುದು. ಅದಕ್ಕೆ ಬೇಕಾಗುವ ಆಮ್ಲಜನಕವೂ ಹೆಚ್ಚುತ್ತದೆ. ಮಾಸು ಅದನ್ನು ಪೂರೈಸಲಾರದೆ ಹೋದರೆ ಕೊನೆಯ ವಾರಗಳಲ್ಲಿ ಶಿಶುವಿನ ಪ್ರಾಣಕ್ಕೇ ಅಪಾಯ. ಆದುದರಿಂದ ಮಗು ದಷ್ಟಪುಷ್ಟವಾಗಿದೆಯೆಂಬ ಹಿಗ್ಗು ಎಲ್ಲ ವೇಳೆಯೂ ಸಲ್ಲದು.

ಭಾರತ ಸರ್ಕಾರದ 2018ರ ಮಾರ್ಗಸೂಚಿಯಂತೆ, ಗರ್ಭಿಣಿಯ ಮೊದಲ ಭೇಟಿಯಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ, 2 ಗಂಟೆಗಳ ತರುವಾಯ ರಕ್ತ ಪರೀಕ್ಷಿಸಬೇಕು. ಸಕ್ಕರೆ 140 ಮಿಲಿಗ್ರಾಂ ಮುಟ್ಟಿದರೆ ಚಿಕಿತ್ಸೆ ಅವಶ್ಯ. ಇಲ್ಲವಾದರೆ 24ರಿಂದ 28ನೆಯ ವಾರದೊಳಗೆ ಮತ್ತೊಮ್ಮೆ ಪರೀಕ್ಷೆ.

ಮಧುಮೇಹವಿರುವ ಗರ್ಭಿಣಿಗೆ 18-20ನೆಯ ವಾರದಲ್ಲಿ ಶಿಶುವಿನ ಅಂಗರಚನೆಯನ್ನೂ, 28-30 ಮತ್ತು 34-36ನೆಯ ವಾರಗಳಲ್ಲಿ ಬೆಳವಣಿಗೆಯನ್ನೂ ಸ್ಕ್ಯಾನಿಂಗ್ ಮೂಲಕ ನೋಡುತ್ತಾರೆ. ಪ್ರತಿ ಭೇಟಿಯಲ್ಲಿಯೂ ಹೃದಯದ ಬಡಿತವನ್ನು ಆಲಿಸುತ್ತಾರೆ. ಅಗತ್ಯವಿದ್ದಲ್ಲಿ ಯಂತ್ರದ ಮೂಲಕ ಆ ಬಡಿತದ ಏರಿಳಿತವನ್ನು ಕಾಗದದ ಮೇಲೆ ದಾಖಲಿಸುತ್ತಾರೆ. ಆದರೆ ಇವೆಲ್ಲ ಆ ದಿನದ ಶಿಲ್ಕನ್ನು ತೋರಿಸುವ ಪರೀಕ್ಷೆಗಳು. ನಾಳೆಯ ಹೊಣೆಯನ್ನು ಅವು ಹೊರಲಾರವು.

ದಿನನಿತ್ಯದ ಲೆಕ್ಕವನ್ನು ಇಡಬಲ್ಲವಳು ತಾಯಿಯೊಬ್ಬಳೇ. ಊಟವಾದ ಮೇಲೆ ಮಗ್ಗುಲಾಗಿ ಮಲಗಿ, ಶಿಶುವು 6 ಬಾರಿ ಒದೆಯಲು ಎಷ್ಟು ಹೊತ್ತು ಹಿಡಿಯಿತೆಂದು ಆಕೆ ಗಮನಿಸಬೇಕು. 2 ಗಂಟೆಗಳಲ್ಲಿ 6 ಒದೆತಗಳು ಆಗದಿದ್ದರೆ, ಅಥವಾ ಎಂದಿನ ಚಲನೆ ಕುಗ್ಗಿದೆಯೆನಿಸಿದರೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮುಂದಿನ ಭೇಟಿಯ ದಿನಕ್ಕೆ, ಏಕೆ, ಮರುದಿನದ ಬೆಳಗಿಗೂ ಕಾಯಬಾರದು. ಮಗು ಮಲಗಿರಬಹುದೆಂದು ಹಿರಿಯರು ಸಮಾಧಾನ ಹೇಳಿ ತಡೆಯಲೂಬಾರದು.

ಹೊರನಾಡಿನಲ್ಲಿರುವ ನಮಗೆ ಇನ್ನೊಂದು ಮಾತು. ಸೀಮಂತ ಮುಗಿಸಿ ಮಗಳು ತವರಿಗೆ ಹೊರಡುವುದು ಸಾಮಾನ್ಯವಾಗಿ ಏಳನೆಯ ತಿಂಗಳಿನಲ್ಲಿ. ಹೆಚ್ಚಿನ ನಿಗಾ ಬೇಕಾಗುವುದೂ ಆಗಲೇ. ತವರಿನಲ್ಲಿ ಯಾವ ಆಸ್ಪತ್ರೆ, ಯಾವ ವೈದ್ಯರು ಎಂಬುದನ್ನು ಮೊದಲೇ ನಿಶ್ಚಯಿಸಿರಬೇಕು. ಸೀರೆ, ಬಳೆಗಳೊಂದಿಗೆ ಪರೀಕ್ಷೆಯ ಕಾಗದಗಳೆಲ್ಲವೂ ಆಕೆಯ ಪೆಟ್ಟಿಗೆಯಲ್ಲಿರಲಿ.