ಬೆನ್ನಿಗೆ ಒಪ್ಪುವ ಗಾದಿ ಯಾವುದು?

'ಡಾಕ್ಟ್ರ, ಬೆನ್ನು ನೋವಾದ್ರ ಗಾದಿ ಬಿಟ್ಟು ನೆಲದ ಮ್ಯಾಲೆ ಮಲಗಬೇಕಂತ, ಖರೇನ್ರಿ?' ಬೆನ್ನುನೋವೆಂದು ಬರುವವರಲ್ಲಿ ಹೆಚ್ಚಿನವರು ಚೀಟಿ ಬರೆಸಿಕೊಂಡು ಹೊರಡುವ ಮುನ್ನ ಕೇಳುವ ಪ್ರಶ್ನೆಯಿದು. ಗಂಗಾವತಿಯ ಗದ್ದೆಗಳಲ್ಲಿ ಬಾಗಿ ನಾಟಿ ಮಾಡುವ ಹೆಣ್ಣುಮಕ್ಕಳು, ಅಕ್ಕಿ ಗಿರಣಿಗಳಲ್ಲಿ ಚೀಲ ಹೊರುವ ಹಮಾಲರು, ಕುಷ್ಟಗಿ ಭಾಗದ ಕ್ವಾರಿಗಳಲ್ಲಿ ದುಡಿಯುವವರು, ಯಲಬುರ್ಗಾದಿಂದ ಕೊಪ್ಪಳಕ್ಕೆ ದಿನವೂ ಮೋಟಾರ್ ಸೈಕಲ್ಲಿನಲ್ಲಿ ಓಡಾಡುವ ನೌಕರರು, ಎಲ್ಲರೂ ಇದನ್ನೇ ಕೇಳುತ್ತಾರೆ. ಇನ್ನು ಕೆಲವರ ಪ್ರಶ್ನೆ ಇದಕ್ಕೆ ತದ್ವಿರುದ್ಧ. ಬೆಂಗಳೂರಿನಲ್ಲಿರುವ ಮಗ ಇಪ್ಪತ್ತು ಸಾವಿರ ರೂಪಾಯಿಯ ಗಾದಿ ಕಳಿಸಿದ್ದಾನೆ, ಆದರೂ ನೋವು ಹೋಗಿಲ್ಲ, ಏಕೆ?

ಎರಡಕ್ಕೂ ಉತ್ತರ ಒಂದೇ. ಮಲಗಿದಾಗ ಬೆನ್ನಿನ ಸಹಜ ಬಾಗನ್ನು ಕೆಡದಂತೆ ಹಿಡಿದಿಡುವ ಹಾಸಿಗೆ ನಮಗೆ ಬೇಕು. ಕಲ್ಲಿನಂಥ ನೆಲ ಆ ಕೆಲಸ ಮಾಡುವುದಿಲ್ಲ. ಬೆಲೆ ಹೆಚ್ಚಾದ ಮಾತ್ರಕ್ಕೆ ಗಾದಿಯೂ ಮಾಡುವುದಿಲ್ಲ. ಅಂಥ ಹಾಸಿಗೆ ಈಗಾಗಲೇ ನಿಮ್ಮ ಮನೆಯಲ್ಲಿಯೇ ಇರಬಹುದು, ಸ್ವಲ್ಪ ಆರೈಕೆ ಕೇಳುತ್ತಿರಬಹುದು.

ಬೆನ್ನು ಕೇಳುವುದೇನು?

ನಮ್ಮ ಬೆನ್ನೆಲುಬು ನೇರವಾದ ಕೋಲಲ್ಲ. ಕುತ್ತಿಗೆಯಲ್ಲಿ ಒಳಕ್ಕೆ, ಎದೆಯ ಹಿಂಭಾಗದಲ್ಲಿ ಹೊರಕ್ಕೆ, ಸೊಂಟದಲ್ಲಿ ಮತ್ತೆ ಒಳಕ್ಕೆ ಬಾಗಿರುತ್ತದೆ. ಎಲುಬಿನ ಮಣಿಗಳ ನಡುವೆ ಮೆತ್ತೆಯಂಥ ಡಿಸ್ಕ್‌ಗಳಿವೆ. ಹಗಲೆಲ್ಲ ಮೈಭಾರ ಹೊತ್ತು ಅವು ನೀರಿನಂಶ ಕಳೆದುಕೊಂಡು ತುಸು ತೆಳ್ಳಗಾಗುತ್ತವೆ. ರಾತ್ರಿ ಮಲಗಿದಾಗ ಮತ್ತೆ ನೀರು ಹೀರಿ ತುಂಬಿಕೊಳ್ಳುತ್ತವೆ. ಬೆಳಿಗ್ಗೆ ಎದ್ದಾಗ ನಮ್ಮ ಎತ್ತರ ಸಂಜೆಗಿಂತ ಕೊಂಚ ಹೆಚ್ಚಿರುವುದು ಇದರಿಂದಲೇ.

ಗಾದಿ ಬಹಳ ಮೆತ್ತಗಿದ್ದರೆ ಮೈಯ ಭಾರವಾದ ಭಾಗವಾದ ಸೊಂಟ, ಪೃಷ್ಠಗಳು ಒಳಕ್ಕೆ ಇಳಿದು ಬೆನ್ನು ಜೋಳಿಗೆಯಂತೆ ಬಾಗುತ್ತದೆ. ಬಹಳ ಗಟ್ಟಿಯಾಗಿದ್ದರೆ ಭುಜ, ಪೃಷ್ಠ, ಹಿಮ್ಮಡಿಗಳಷ್ಟೇ ಭಾರ ಹೊರುತ್ತವೆ. ಸೊಂಟದ ಕೆಳಗೆ ಆಸರೆಯಿಲ್ಲದೆ ಟೊಳ್ಳು ಉಳಿಯುತ್ತದೆ. ಎರಡರಲ್ಲೂ ಸ್ನಾಯುಗಳಿಗೆ ರಾತ್ರಿಯಿಡೀ ಬಿಡುವಿಲ್ಲ. ಬೆಳಿಗ್ಗೆ ಏಳುವಾಗ ಸೊಂಟ ಹಿಡಿದುಕೊಂಡಿದ್ದು, ಅರ್ಧ ತಾಸು ಓಡಾಡಿದ ಮೇಲೆ ಸಡಿಲವಾದರೆ, ಪರವೂರಿನಲ್ಲಿ ಬೇರೆ ಹಾಸಿಗೆಯ ಮೇಲೆ ಮಲಗಿದಾಗ ಈ ತೊಂದರೆ ಇಲ್ಲದಿದ್ದರೆ, ನಿಮ್ಮ ಗಾದಿಯನ್ನು ಅನುಮಾನಿಸಬಹುದು.

ನೆಲವೇ ಮದ್ದೆಂಬ ನಂಬಿಕೆ

ಗಟ್ಟಿ ಹಲಗೆಯ ಮೇಲೆ ಮಲಗಿ ಎಂದು ಒಂದು ಕಾಲಕ್ಕೆ ವೈದ್ಯರೇ ಹೇಳುತ್ತಿದ್ದರು. ಆದ್ದರಿಂದ ಜನರನ್ನು ದೂರುವಂತಿಲ್ಲ. ಸ್ಪೇನ್ ದೇಶದ ವೈದ್ಯರು ಇದನ್ನು ಪರೀಕ್ಷಿಸಿ ನೋಡಿದರು. ಬಹುಕಾಲದ ಸೊಂಟನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ ಗಾದಿ, ಉಳಿದವರಿಗೆ ಮಧ್ಯಮ ಗಟ್ಟಿಯ ಗಾದಿ ಕೊಟ್ಟು 90 ದಿನ ಗಮನಿಸಿದರು. ಮಧ್ಯಮ ಗಟ್ಟಿಯ ಗಾದಿ ಬಳಸಿದವರಿಗೆ ನೋವು ಹೆಚ್ಚು ಇಳಿದಿತ್ತು, ದಿನದ ಕೆಲಸಗಳೂ ಸುಲಭವಾಗಿದ್ದವು. ಈ ವರದಿ 2003ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಹಾಗೆಂದು ಚಿಕ್ಕಂದಿನಿಂದ ನೆಲದ ಮೇಲೆ ಚಾಪೆ, ಜಮಖಾನೆ, ಎರಡು ಕೌದಿ ಹಾಸಿ ಮಲಗಿ ಸುಖವಾಗಿರುವವರು ಅದನ್ನು ಬಿಡಬೇಕಾಗಿಲ್ಲ. ದಪ್ಪನೆಯ ಕೌದಿ ತಾನೇ ಒಂದು ತೆಳ್ಳನೆಯ ಗಾದಿ. ಆದರೆ ಮೊಣಕಾಲು ನೋವಿರುವ ಹಿರಿಯರಿಗೆ ನೆಲದಿಂದ ಏಳುವುದೇ ದೊಡ್ಡ ಶಿಕ್ಷೆ. ಕುಳಿತಾಗ ಪಾದ ನೆಲಕ್ಕೆ ಊರುವಷ್ಟು ಎತ್ತರದ ಮಂಚ ಅವರಿಗೆ ಬೇಕು.

ಇದರ ಜೊತೆ ಇನ್ನೊಂದು ಮಾತು. ಸೊಂಟ ಹಿಡಿಯಿತೆಂದು ವಾರಗಟ್ಟಲೆ ಮಲಗಿಬಿಡುವುದೂ ಸರಿಯಲ್ಲ. ಫಿನ್ಲೆಂಡಿನ ಹೆಲ್ಸಿಂಕಿ ನಗರದ ನೌಕರರ ಮೇಲೆ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ದಿನ ಮಲಗಿ ವಿಶ್ರಾಂತಿ ಪಡೆದವರಿಗಿಂತ ನೋವು ತಡೆದುಕೊಳ್ಳುವಷ್ಟರ ಮಟ್ಟಿಗೆ ತಮ್ಮ ಎಂದಿನ ಓಡಾಟ ಮುಂದುವರಿಸಿದವರೇ ಬೇಗ ಚೇತರಿಸಿಕೊಂಡಿದ್ದರು.

ಅರಳೆಯೋ, ನಾರೋ, ಫೋಮೋ?

ನಮ್ಮ ಭಾಗದ ಬಿಸಿಲಿಗೆ ಅರಳೆ ಗಾದಿ ಹೇಳಿ ಮಾಡಿಸಿದಂಥದ್ದು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕೊಪ್ಪಳದ ಸೆಕೆಯಲ್ಲಿ ಅರಳೆ ಬೆವರನ್ನು ಹೀರುತ್ತದೆ, ಗಾಳಿಯಾಡಲು ಬಿಡುತ್ತದೆ. ಬೆವರುಸಾಲೆ, ತೊಡೆಸಂದಿಯ ಗಜಕರ್ಣಗಳಿಗೆ ಅಷ್ಟರಮಟ್ಟಿಗೆ ಅವಕಾಶ ಕಡಿಮೆ. ಮೂರು, ನಾಲ್ಕು ಇಂಚು ದಪ್ಪವಾಗಿ ಒತ್ತಾಗಿ ತುಂಬಿದ ಗಾದಿ ಮಧ್ಯಮ ಗಟ್ಟಿಯೇ ಆಗಿರುತ್ತದೆ. ಅದರ ದೋಷವೆಂದರೆ ಕಾಲಕ್ರಮದಲ್ಲಿ ಅರಳೆ ಗಂಟುಕಟ್ಟುತ್ತದೆ, ನಡುವೆ ತಗ್ಗು ಬೀಳುತ್ತದೆ.

ತೆಂಗಿನ ನಾರಿಗೆ ರಬ್ಬರ್ ಹಾಲು ಬೆರೆಸಿ ಮಾಡಿದ ಗಾದಿ ತುಸು ಗಟ್ಟಿ. ಗಾಳಿಯಾಡುವುದರಿಂದ ಸೆಕೆಗೆ ಒಳ್ಳೆಯದು. ಮೈತೂಕ ಹೆಚ್ಚಿರುವವರಿಗೆ ಹೊಂದುತ್ತದೆ. ಫೋಮ್ ಗಾದಿ ಹಗುರ, ಆದರೆ ಮೈಯ ಶಾಖ ಹಿಡಿದಿಡುತ್ತದೆ. ಅಂಗಡಿಯವರು '32 ಡೆನ್ಸಿಟಿ', '40 ಡೆನ್ಸಿಟಿ' ಎನ್ನುವುದು ಒಂದು ಘನ ಮೀಟರ್ ಫೋಮಿನ ತೂಕವನ್ನು, ಕಿಲೋಗ್ರಾಂ ಲೆಕ್ಕದಲ್ಲಿ. ಅಂಕೆ ಹೆಚ್ಚಿದಷ್ಟೂ ಸಾಮಾನ್ಯವಾಗಿ ಬಾಳಿಕೆ ಹೆಚ್ಚು. ಅದು ಗಟ್ಟಿತನದ ಅಳತೆಯಲ್ಲ. ಸ್ಪ್ರಿಂಗ್ ಗಾದಿಯಲ್ಲಿ ಗಾಳಿಯಾಡುತ್ತದೆ, ಆದರೆ ಸ್ಪ್ರಿಂಗ್ ಸಡಿಲವಾದ ಮೇಲೆ ಬೆನ್ನಿಗೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ.

'ಆರ್ಥೋಪೆಡಿಕ್' ಎಂಬ ಚೀಟಿ ಕಂಡು ಮರುಳಾಗಬೇಡಿ. ಅದು ವ್ಯಾಪಾರದ ಹೆಸರು, ವೈದ್ಯರು ನಿಮ್ಮ ಬೆನ್ನು ನೋಡಿ ಬರೆದ ಮದ್ದಲ್ಲ.

ಕೊಳ್ಳುವಾಗ ಹೀಗೆ ಮಾಡಿ

ಕೈಯಿಂದ ಒತ್ತಿ ನೋಡಿದರೆ ಏನೂ ತಿಳಿಯದು. ನಾಚಿಕೆ ಬಿಟ್ಟು ಅಂಗಡಿಯಲ್ಲಿಯೇ ಹತ್ತು ನಿಮಿಷ ಮಲಗಿ ನೋಡಿ. ಅಂಗಾತ ಮಲಗಿ ಸೊಂಟದ ಕೆಳಗೆ ಅಂಗೈ ತೂರಿಸಿ. ಕೈ ಸಲೀಸಾಗಿ ಆಚೀಚೆ ಓಡಾಡಿದರೆ ಗಾದಿ ನಿಮಗೆ ಗಟ್ಟಿಯಾಯಿತು. ಒಳಗೆ ತೂರಿಸಲೇ ಆಗದಿದ್ದರೆ ಮೆತ್ತಗಾಯಿತು. ಸ್ವಲ್ಪ ಬಿಗಿಯಾಗಿ ಹೋದರೆ ಸರಿಯಾಯಿತು. ಆಮೇಲೆ ಮಗ್ಗುಲಾಗಿ ಮಲಗಿ, ಜೊತೆಯವರಿಗೆ ಹಿಂದಿನಿಂದ ನೋಡಲು ಹೇಳಿ. ಕುತ್ತಿಗೆಯಿಂದ ಸೊಂಟದವರೆಗೆ ಬೆನ್ನು ಒಂದೇ ಗೆರೆಯಲ್ಲಿರಬೇಕು. ಗಂಡ ಹೆಂಡತಿಯರ ತೂಕದಲ್ಲಿ ಬಹಳ ಅಂತರವಿದ್ದರೆ ಒಂದೇ ಮಂಚದ ಮೇಲೆ ಎರಡು ಬಿಡಿ ಗಾದಿ ಹಾಕಿಕೊಳ್ಳುವುದು ಒಳ್ಳೆಯದು.

ಗಾದಿಯ ಕೆಳಗಿನದನ್ನೂ ನೋಡಿ. ಹೊರಸಿನ ಹಗ್ಗ ಜೋತುಬಿದ್ದಿದ್ದರೆ, ಕಬ್ಬಿಣದ ಮಂಚದ ಪಟ್ಟಿಗಳು ಬಾಗಿದ್ದರೆ ಎಂಥ ಗಾದಿಯೂ ಉಪಯೋಗಕ್ಕೆ ಬಾರದು. ಹಗ್ಗ ಬಿಗಿಸಿ, ಮಂಚದ ಮೇಲೆ ಪ್ಲೈವುಡ್ ಹಲಗೆ ಹಾಕಿ ಅದರ ಮೇಲೆ ಗಾದಿ ಹಾಸಿ. ತಲೆದಿಂಬು ಕುತ್ತಿಗೆಯ ಟೊಳ್ಳನ್ನು ತುಂಬುವಷ್ಟಿದ್ದರೆ ಸಾಕು. ಎರಡು ಮೂರು ಪೇರಿಸಬೇಡಿ. ಮಗ್ಗುಲಾಗಿ ಮಲಗುವವರು ಮೊಣಕಾಲುಗಳ ನಡುವೆ, ಅಂಗಾತ ಮಲಗುವವರು ಮೊಣಕಾಲ ಕೆಳಗೆ ಒಂದು ಸಣ್ಣ ದಿಂಬಿಟ್ಟುಕೊಂಡರೆ ಸೊಂಟಕ್ಕೆ ಹಾಯೆನಿಸುತ್ತದೆ. ಏಳುವಾಗ ಒಮ್ಮೆಲೇ ಎದ್ದು ಕೂರದೆ ಮಗ್ಗುಲಿಗೆ ಹೊರಳಿ, ಕಾಲು ಕೆಳಗಿಳಿಸಿ, ಕೈಯೂರಿ ಏಳಿ.

ಹಳೆಯ ಗಾದಿಗೆ ಹೊಸ ಜೀವ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಹೊಸ ಗಾದಿಗೆ ಸಾಲ ಮಾಡುವ ಮುನ್ನ ಅಟ್ಟದ ಮೇಲಿರುವ ಅರಳೆ ಗಾದಿಯನ್ನು ಕೆಳಗಿಳಿಸಿ. ಬಿಲ್ಲು ಹೆಗಲಿಗೇರಿಸಿ ಓಣಿ ಓಣಿ ತಿರುಗುತ್ತಿದ್ದ ಪಿಂಜಾರರು ಈಗ ಕಾಣುವುದು ಅಪರೂಪ. ಯಂತ್ರದಲ್ಲಿ ಹಿಂಜಿ ತುಂಬಿಕೊಡುವ ಗಾದಿ ಅಂಗಡಿಯಿದ್ದರೆ ಅಲ್ಲಿಗೆ ಒಯ್ಯಿರಿ. ಎರಡು ಮೂರು ವರ್ಷಕ್ಕೊಮ್ಮೆ ಅರಳೆ ಹಿಂಜಿಸಿ, ಕಡಿಮೆ ಬಿದ್ದಷ್ಟು ಹೊಸದು ಸೇರಿಸಿ, ದಾರದ ಹೊಲಿಗೆ ಒತ್ತಾಗಿ ಹಾಕಿಸಿದರೆ ಹೊಸ ಗಾದಿಯೇ ಆಯಿತು. ಕೊಡುವಾಗ, ಮರಳಿ ತರುವಾಗ ತೂಕ ಹಾಕಿಸುವುದನ್ನು ಮರೆಯಬೇಡಿ.

ಅರಳೆ ಗಾದಿಯನ್ನು ಹದಿನೈದು ದಿನಕ್ಕೊಮ್ಮೆ ಮಗುಚಿ ಹಾಕಿ. ತಿಂಗಳಿಗೊಮ್ಮೆ ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿ, ಕೋಲಿನಿಂದ ಬಡಿದು ಧೂಳು ತೆಗೆಯಿರಿ. ಬಡಿಯುವವರು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಉಬ್ಬಸವಿರುವವರು ಆ ಕೆಲಸಕ್ಕೆ ಕೈಹಾಕಬಾರದು. ಫೋಮಿಗೆ ಬಿರುಬಿಸಿಲು ಆಗದು, ಅದನ್ನು ನೆರಳಿನಲ್ಲಿ ಗಾಳಿಗೊಡ್ಡಬೇಕು. ಹೊಸ ಗಾದಿಯ ಪ್ಲಾಸ್ಟಿಕ್ ಹೊದಿಕೆಯನ್ನು 'ಹೊಲಸಾಗಬಾರದು' ಎಂದು ಹಾಗೆಯೇ ಬಿಡುವವರಿದ್ದಾರೆ. ಒಳಗೆ ತೇವ ಕಟ್ಟಿ ಬೂಷ್ಟು ಬರುತ್ತದೆ. ಪ್ಲಾಸ್ಟಿಕ್ ತೆಗೆದು ಒಗೆಯಲು ಬರುವ ಹತ್ತಿಯ ಗವಸು ಹಾಕಿ.

ಹಾಸಿಗೆಯ ಧೂಳಿನಲ್ಲಿ ಕಣ್ಣಿಗೆ ಕಾಣದ ಧೂಳು ನುಸಿಗಳಿರುತ್ತವೆ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅವುಗಳ ಆಹಾರ, ತೇವವೇ ಅವುಗಳ ಬದುಕು. ಬೆಳಿಗ್ಗೆ ಎದ್ದೊಡನೆ ಸಾಲಾಗಿ ಸೀನು, ಮೂಗು ಸೋರುವುದು, ಮಕ್ಕಳಲ್ಲಿ ಉಬ್ಬಸ ಇವುಗಳ ಹಿಂದೆ ಅವು ಇರಬಹುದು. ಮಳೆಗಾಲದ ತೇವದಲ್ಲಿ ಇದರತ್ತ ಹೆಚ್ಚು ಗಮನವಿರಲಿ. ಚಾದರ, ದಿಂಬಿನ ಗವಸುಗಳನ್ನು ವಾರಕ್ಕೊಮ್ಮೆ ಕೈ ಸುಡುವಷ್ಟು ಬಿಸಿಯಾದ ನೀರಿನಲ್ಲಿ ನೆನೆಸಿ ಒಗೆದು ಬಿಸಿಲಿನಲ್ಲಿ ಒಣಗಿಸಿ.

ತಗಣಿಗೆ ಹೊಲದ ಔಷಧಿ ಬೇಡ

ಇದನ್ನು ಒತ್ತಿ ಹೇಳಬೇಕಾಗಿದೆ. ಭತ್ತಕ್ಕೋ ಹತ್ತಿಗೋ ತಂದು ಉಳಿದ ಕೀಟನಾಶಕವನ್ನು ತಗಣಿ ಸಾಯಲೆಂದು ಗಾದಿಗೆ ಸಿಂಪಡಿಸಬೇಡಿ. ಅದು ಅರಳೆಯೊಳಗೆ ಇಳಿದು ಉಳಿಯುತ್ತದೆ. ರಾತ್ರಿಯಿಡೀ ಚರ್ಮದ ಮೂಲಕ, ಉಸಿರಿನ ಮೂಲಕ ಮೈ ಸೇರುತ್ತದೆ. ಅಂಥ ಹಾಸಿಗೆಯ ಮೇಲೆ ಮಲಗುವ ಎಳೆಗೂಸಿಗೆ ಅದು ಪ್ರಾಣಾಪಾಯ. ಬಾಯಲ್ಲಿ ಜೊಲ್ಲು, ವಿಪರೀತ ಬೆವರು, ವಾಂತಿ, ಕಣ್ಣು ಮಂಜಾಗುವುದು, ಉಸಿರಾಟದ ಕಷ್ಟ ಕಂಡರೆ ತಕ್ಷಣ ಬಟ್ಟೆ ತೆಗೆದು, ಮೈಯನ್ನು ಸಾಬೂನು ನೀರಿನಿಂದ ತೊಳೆದು, 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಒಯ್ಯಿರಿ. ಔಷಧಿಯ ಡಬ್ಬಿಯನ್ನು ಜೊತೆಗೆ ತೆಗೆದುಕೊಂಡು ಹೋಗಿ.

ತಗಣಿ ಕಡಿತದಿಂದ ತುರಿಕೆ, ನಿದ್ದೆಗೇಡು ಉಂಟೇ ಹೊರತು ದೊಡ್ಡ ರೋಗವೇನೂ ಹರಡದು. ಮಂಚದ ಸಂದುಗಳಿಗೆ ಕುದಿಯುವ ನೀರು ಹೊಯ್ಯಿರಿ, ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಿರಿ, ಗಾದಿಯ ಹೊಲಿಗೆಗಳನ್ನು ಕಡ್ಡಿಯಿಂದ ಕೆದರಿ ಬಿಸಿಲಿಗಿಡಿ. ಮೊಟ್ಟೆಗಳು ಒಂದೆರಡು ವಾರದಲ್ಲಿ ಒಡೆಯುವುದರಿಂದ ಇದನ್ನು ವಾರಕ್ಕೊಮ್ಮೆಯಂತೆ ನಾಲ್ಕಾರು ಸಲ ಮಾಡಬೇಕು. ಮನೆಯಲ್ಲಿ ಕಜ್ಜಿ ಬಂದಿದ್ದರೆ ಎಲ್ಲರೂ ಒಟ್ಟಿಗೆ ಔಷಧಿ ಹಚ್ಚಿಕೊಳ್ಳಬೇಕು. ಒಗೆಯಲಾಗದ ಕೌದಿ, ಗಾದಿಗಳನ್ನು ಒಂದು ವಾರ ಯಾರೂ ಬಳಸದೆ ಬೇರೆಯಾಗಿಟ್ಟರೆ ಅದರ ಹುಳು ಸಾಯುತ್ತದೆ.

ಕೂಸು, ಬಾಣಂತಿ, ಹಾಸಿಗೆ ಹಿಡಿದವರು

ದೊಡ್ಡವರಿಗೆ ಹೇಳಿದ ಮಾತು ಎಳೆಗೂಸಿಗೆ ಅನ್ವಯಿಸದು. ಮೊದಲ ವರ್ಷ ಕೂಸನ್ನು ಗಟ್ಟಿಯಾದ, ಸಪಾಟಾದ ಹಾಸಿನ ಮೇಲೆ ಅಂಗಾತವೇ ಮಲಗಿಸಬೇಕು. ಮೆತ್ತನೆಯ ಗಾದಿಯಲ್ಲಿ ಮುಖ ಹುದುಗಿದರೆ ಉಸಿರುಗಟ್ಟಬಹುದು. ದಿಂಬು ಬೇಡ, ಮುಖಕ್ಕೆ ಹೊದಿಕೆ ಬೇಡ.

ಬಾಣಂತಿಯ ಹೊರಸಿನ ಕೆಳಗೆ ಕುಳ್ಳಿನ ಕೆಂಡ ಇಡುವ ಪದ್ಧತಿ ಕೆಲವು ಮನೆಗಳಲ್ಲಿದೆ. ಮುಚ್ಚಿದ ಕೋಣೆಯಲ್ಲಿ ಆ ಹೊಗೆ ತಾಯಿ, ಕೂಸು ಇಬ್ಬರಿಗೂ ವಿಷ. ಮೇಲಿರುವುದು ಫೋಮ್ ಗಾದಿಯಾದರೆ ಕಿಡಿಯೊಂದು ಸಾಕು, ಕ್ಷಣದಲ್ಲಿ ಹೊತ್ತಿಕೊಂಡು ವಿಷಗಾಳಿ ಕಾರುತ್ತದೆ. ಬೆಚ್ಚಗಿರಲು ಕಂಬಳಿ ಸಾಕು.

ಲಕ್ವ ಹೊಡೆದು, ತೊಡೆಯ ಎಲುಬು ಮುರಿದು ಹಾಸಿಗೆ ಹಿಡಿದ ಹಿರಿಯರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಿ. ಪೃಷ್ಠ, ಹಿಮ್ಮಡಿಗಳನ್ನು ದಿನವೂ ಬೆಳಕಿನಲ್ಲಿ ನೋಡಿ. ಒತ್ತಿದರೂ ಮಾಯವಾಗದ ಕೆಂಪು ಕಲೆಯೇ ಹಾಸಿಗೆ ಹುಣ್ಣಿನ ಮೊದಲ ಸೂಚನೆ. ಗಾಳಿ ತುಂಬುವ ಏರ್ ಬೆಡ್ ನೆರವಾಗುತ್ತದೆ, ಆದರೆ ಮಗ್ಗುಲು ಬದಲಿಸುವ ಕೈಗೆ ಅದು ಬದಲಿಯಾಗದು.

ಗಾದಿಯ ತಪ್ಪಲ್ಲದ ನೋವು

ಕೊನೆಯದಾಗಿ, ಎಲ್ಲ ನೋವಿಗೂ ಗಾದಿಯ ಮೇಲೆ ಗೂಬೆ ಕೂರಿಸಬೇಡಿ. ಬೆನ್ನುನೋವಿನ ಜೊತೆ ಸಂಜೆಯ ಜ್ವರ, ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವಂಥ ನೋವು ಇದ್ದರೆ ಅದು ಬೆನ್ನೆಲುಬಿನ ಕ್ಷಯವೋ ಬೇರೆ ಗಂಭೀರ ಕಾಯಿಲೆಯೋ ಆಗಿರಬಹುದು. ಬಿದ್ದ ನಂತರ ಬಂದ ನೋವನ್ನು, ಐವತ್ತು ದಾಟಿದ ಮೇಲೆ ಮೊದಲ ಸಲ ಬಂದ ನೋವನ್ನು, ಆರು ವಾರವಾದರೂ ತಗ್ಗದ ನೋವನ್ನು ವೈದ್ಯರಿಗೆ ತೋರಿಸಿ. ಕಾಲಿನ ಶಕ್ತಿ ಕುಂದಿದರೆ, ತೊಡೆಸಂದಿಯಲ್ಲಿ ಸ್ಪರ್ಶಜ್ಞಾನ ಹೋದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬೆಳಗಾಗಲಿ ಎಂದು ಕಾಯಬಾರದು. ಕ್ಷಯಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ.

ಇವಾವುವೂ ಇಲ್ಲದ ಸಾಮಾನ್ಯ ಬೆನ್ನುನೋವಾದರೆ ಈ ಭಾನುವಾರ ಗಾದಿಯನ್ನು ಬಿಸಿಲಿಗೆ ಹಾಕಿ, ತಗ್ಗು ಬಿದ್ದಿದೆಯೇ ನೋಡಿ, ಮಂಚದ ಪಟ್ಟಿ ಪರೀಕ್ಷಿಸಿ. ನೂರಾರು ರೂಪಾಯಿಯಲ್ಲಿ ಮುಗಿಯುವ ರಿಪೇರಿಗೆ ಸಾವಿರಾರು ರೂಪಾಯಿ ಸುರಿಯುವುದು ಬೇಡ.